ಚೋಗಾಲಾಲರ ಹೆಸರನ್ನು ವರದಿಯಿಂದ ತೆಗೆಯಿರಿ

ಸ್ಮಾರಕಗಳ ಮೇಲಧಿಕಾರಿಗಳೇ,

ಕಳೆದ ಶ್ರಾವಣದಲ್ಲಿ ಚಿತ್ತೋಡ ಕೋಟೆಯ ಕೀರ್ತಿಸ್ತಂಭದಿಂದ ಕಲ್ಲು ಕಳಚಿ ಬಿದ್ದದ್ದಕ್ಕೆ 'ಮೇಸ್ತ್ರಿ ಚೋಗಾಲಾಲನ ಅಜಾಗರೂಕತೆಯೇ ಕಾರಣ' ಎಂದು ತಮ್ಮ ವರದಿ ಹೇಳುತ್ತದೆ. ಆ ಚೋಗಾಲಾಲ್ ನನ್ನ ತಂದೆ, ನನ್ನ ಬಾಪೂ. ಆ ಕಲ್ಲನ್ನು ಕೂರಿಸಿದ ದಿನ ಅವರು ಅಲ್ಲಿರಲೇ ಇಲ್ಲ.

ಈ ಸ್ತಂಭ ಕಟ್ಟಿಸಿದವನು ರಾಜನಲ್ಲ, ಜೀಜಾ ಎಂಬ ಜೈನ ವರ್ತಕ. ಗೆದ್ದ ಯುದ್ಧಕ್ಕಾಗಿ ಅಲ್ಲ, ಆದಿನಾಥನಿಗಾಗಿ ಕಟ್ಟಿಸಿದ. ಅದಕ್ಕೇ ಇರಬೇಕು, ಕೋಟೆಗೆ ಬರುವ ಗಣ್ಯರೆಲ್ಲ ಆಚೆಯ ವಿಜಯಸ್ತಂಭದ ಮುಂದೆ ಫೋಟೊ ತೆಗೆಸಿಕೊಂಡು ಇಳಿದುಬಿಡುತ್ತಾರೆ. ತಾವೂ ಅಷ್ಟೇ ಎಂದು ಕೇಳಿದ್ದೇನೆ. ನಾಲ್ಕು ದಿಕ್ಕಿಗೆ ನಿಂತ ದಿಗಂಬರ ಮೂರ್ತಿಗಳು, ಗೋಡೆಗೆ ಮೈ ಉಜ್ಜಿಕೊಂಡೇ ಹತ್ತಬೇಕಾದ ಒಳಮೆಟ್ಟಿಲು, ತುದಿಯಲ್ಲಿ ಗಾಳಿಗೆ ತೆರೆದ ಮಂಟಪ, ಇವನ್ನೆಲ್ಲ ಬಾಪೂ ಕಣ್ಣು ಮುಚ್ಚಿಕೊಂಡು ನೆಲದ ಮೇಲೆ ಬೆರಳಲ್ಲೇ ಬರೆದು ತೋರಿಸಬಲ್ಲರು.

ಎರಡು ವರ್ಷದ ಹಿಂದೆ ದುರಸ್ತಿಗೆ ಕರೆದಾಗ ಅವರು ಗಾರೆಗೆಂದು ಬೆಲ್ಲದ ನೀರಿನಲ್ಲಿ ಸುಣ್ಣ ನೆನೆಹಾಕಿದ್ದರು. ತಮ್ಮ ಎಂಜಿನಿಯರು ಸಿಮೆಂಟ್ ಚೀಲ ಇಳಿಸಿದರು.

"ಸಾಹೇಬ್ರೇ, ಕಲ್ಲು ಬೆವರ್ತದೆ. ಸುಣ್ಣ ಆದ್ರೆ ನೀರು ಆಚೆ ಬಿಡ್ತದೆ. ಇದು ಒಳಗೇ ಹಿಡ್ಕೊಂಡು ಕಲ್ಲನ್ನೇ ಒಡೀತದೆ," ಎಂದರು ಬಾಪೂ.

"ಬೆವರ್ತದಾ? ಹಾಗಾದ್ರೆ ಒಂದು ಫ್ಯಾನ್ ಹಾಕ್ಸೋಣ ಬಿಡಿ, ಚೋಗಾಜೀ."

ಕೆಲಸದವರೆಲ್ಲ ನಕ್ಕರು. ಬಾಪೂ ಉಳಿ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದರು. ಆ ಕಲ್ಲನ್ನು ಸಿಮೆಂಟಿನಲ್ಲಿ ಕೂರಿಸಿದ್ದು ಅದಾದ ಮೇಲೆ. 'ತಾನಾಗಿಯೇ ಕೆಲಸ ಬಿಟ್ಟ' ಎಂದು ತಮ್ಮ ಹಾಜರಿ ಪುಸ್ತಕದಲ್ಲೇ ಇದೆ. ಬಿಟ್ಟುಹೋದವನ ಅಜಾಗರೂಕತೆಯನ್ನು ತಾವು ಯಾವ ವಿದ್ಯೆಯಿಂದ ಕಂಡುಹಿಡಿದಿರಿ?

ಕಲ್ಲು ಬಿದ್ದದ್ದು ಅಲ್ಲೇ ಕೆಳಗೆ ಸೀತಾಫಲ ಮಾರುವ ಕೇಸರಬಾಯಿಯ ಕಾಲಿನ ಮೇಲೆ. ಈಗ ಕೋಲಿಲ್ಲದೆ ನಡೆಯಲಾರಳು. ತಮ್ಮ ಕಚೇರಿಯಿಂದ ಒಬ್ಬರೂ ಅವಳನ್ನು ನೋಡಲು ಹೋಗಲಿಲ್ಲ. ಬಾಪೂ ಹೋದರು, ಜೈನರು ಒಬ್ಬರಲ್ಲೊಬ್ಬರು ಕ್ಷಮೆ ಬೇಡುವ ಕ್ಷಮಾವಣಿಯ ದಿನ. ನಾವು ಜೈನರಲ್ಲ. ಆದರೂ ಕೈಮುಗಿದು ನಿಂತರು. ನಾನೂ ಜೊತೆಗಿದ್ದೆ.

"ಸಿಟ್ಟು ಮಾಡ್ಕೊಂಡು ಇಳಿದುಬಿಟ್ಟೆ, ಕೇಸರಬಾಯಿ. ಅಲ್ಲೇ ನಿಂತು ಜಗಳ ಆಡ್ಬೇಕಿತ್ತು."

"ನಿನ್ನ ಕೈ ಕೂರ್ಸಿದ ಕಲ್ಲು ಬೀಳ್ತಿತ್ತೇನಣ್ಣಾ? ಕೂತ್ಕೋ, ಹಣ್ಣು ತಿನ್ನು."

ಬಾಪೂ ತಿನ್ನಲಿಲ್ಲ. ಅಂದಿನಿಂದ ಉಳಿಯನ್ನೂ ಮುಟ್ಟಿಲ್ಲ. ವರದಿ ಓದಿ ಹೇಳಿದರೆ, "ಬರ್ಕೊಳ್ಳಲಿ ಬಿಡು ಮಗಾ, ಒಂದು ತಪ್ಪಂತೂ ನಂದೇ" ಎನ್ನುತ್ತಾರೆ.

ಅವರು ಒಪ್ಪಿಕೊಂಡ ತಪ್ಪು ಬೇರೆ, ತಾವು ಹೊರಿಸಿದ ತಪ್ಪು ಬೇರೆ. ಮುಂದಿನ ಮಳೆಗೆ ಮೊದಲು ಆ ಸಿಮೆಂಟನ್ನು ಕೆರೆಸಿ. ವರದಿಯ ಆ ಸಾಲನ್ನು ಹೊಡೆದುಹಾಕಿ. ಆಮೇಲೆ ಕೇಸರಬಾಯಿಯ ಮನೆಗೆ ಒಮ್ಮೆ ಬನ್ನಿ. ಅಲ್ಲಿ ಏನು ಹೇಳಬೇಕೆಂದು ತೋಚದಿದ್ದರೆ, ಓದುಬರಹ ಬಾರದ ನಮ್ಮ ಬಾಪೂ ಹೇಳಿಕೊಡುತ್ತಾರೆ.

ಇಂತಿ,
ತಂದೆಗೆ ತಿಳಿಸದೆ ಈ ಪತ್ರ ಬರೆದ
ಸಾಯರ್ ಸಿಲಾವಟ