ಮೀಸೆ ಮಾವನನ್ನು ಎಬ್ಬಿಸಲು ಹೋದವಳು

ಕಿಪ್ರೊಟಿಚ್ ಮೇಷ್ಟ್ರಿಗೆ, ಮಾರಾ ಅಭಯಾರಣ್ಯದಿಂದ ಸಫಾರಿ ಚಾಲಕ ಪರ್ಸಲೋಯಿಯ ನಮಸ್ಕಾರ.

ಪ್ರಾಣಿ ವೀಕ್ಷಣೆಗೆ ಬಂದಿದ್ದ ನಿಮ್ಮ ವಿದ್ಯಾರ್ಥಿನಿ ನೆಕೆಸಾ ಗಾಡಿಯಿಂದ ಇಳಿದದ್ದು ನಿಜ. ಅದಕ್ಕೆ ಅವಳನ್ನು ತರಗತಿಯಿಂದಲೇ ತೆಗೆಯುತ್ತೀರೆಂದು ಕಿವಿಗೆ ಬಿತ್ತು. ಪ್ರವಾಸಿಗರು ಮುಂಚೆಯೇ ಆಸೆಪಡದಿರಲೆಂದು ನಾವು ಚಾಲಕರು ರೇಡಿಯೊದಲ್ಲಿ ಸಿಂಹಕ್ಕೆ ‘ಮೀಸೆ’ ಅನ್ನುತ್ತೇವೆ. ಕಲಿಯಲು ಬಂದ ಅವಳಿಗಾದರೂ ಅದನ್ನು ಹೇಳಬೇಕಿತ್ತು, ನಾನು ಮರೆತೆ.

“ಮೀಸೆ ಮಾವ ಪೊದೆ ಹಿಂದೆ ಮಲಗವ್ನೆ” ಎಂದು ರೇಡಿಯೊದಲ್ಲಿ ಬಂತು.

“ಅಯ್ಯೋ ಅಣ್ಣಾ, ಎಬ್ಬಿಸ್ಬಾರ್ದಾ? ಸಿಂಹ ಬಂದ್ರೆ?” ಎಂದವಳೇ ಇಳಿದು ನಡೆದಳು.

“ಗಾಡಿ ಹತ್ತು ತಾಯೀ, ಆ ಮಾವನೇ ಸಿಂಹ!” ಎಂದು ಕಿರುಚಿದೆ. ಅವಳು ಓಡಿ ಬಂದು ಹತ್ತಿದಳು. ಮಾವ ಆಕಳಿಸಿ ಮಗ್ಗುಲು ಬದಲಿಸಿದ.

ಅಂಕ ಕಳೆಯಿರಿ, ತಕರಾರಿಲ್ಲ. ತರಗತಿಯಿಂದ ಮಾತ್ರ ತೆಗೆಯಬೇಡಿ. ಇಪ್ಪತ್ತೆರಡು ವರ್ಷದಲ್ಲಿ ಫೋಟೊಗಾಗಿ ಇಳಿದ ಹದಿನೇಳು ಜನರನ್ನು ಕಂಡಿದ್ದೇನೆ. ಇನ್ನೊಬ್ಬರನ್ನು ಉಳಿಸಲು ಇಳಿದವಳು ಇವಳೊಬ್ಬಳೇ.

ತಪ್ಪು ತನ್ನದೆಂದು ಒಪ್ಪುವ,
ಪರ್ಸಲೋಯಿ