ಬಲಗಡೆಯ ಮೈನಸ್

ಫೆಬ್ರವರಿ 11, ಸಂಜೆ

ಊಟದ ಮೇಜು ಒರೆಸಿಟ್ಟೆ. ಪೆನ್ಸಿಲ್ ಚೂಪು ಮಾಡಿಟ್ಟೆ. ಅವರು ಬರಲಿಲ್ಲ. ರೂಮಿನ ಬಾಗಿಲು ಹಾಕಿಕೊಂಡು, ಕಾಲೇಜು ಪ್ರವೇಶ ಪರೀಕ್ಷೆಯ ಗಣಿತ ಪತ್ರಿಕೆಯನ್ನು ಒಬ್ಬರೇ ಮುಗಿಸಿದ್ದಾರೆ. ಲಕೋಟೆಗೆ ಹಾಕಿದ ಅರಗಿನ ವಾಸನೆ ಅಡುಗೆಮನೆಯವರೆಗೂ ಬಂತು.

ಮದುವೆಯಾದಾಗಿನಿಂದ ಇದೇ ಪದ್ಧತಿ — ಪ್ರೊಫೆಸರು ಪ್ರಶ್ನೆ ಬರೆಯುವುದು, ಹೆಂಡತಿ ಬಿಡಿಸಿ ತಪ್ಪು ಹೆಕ್ಕುವುದು, ಆಮೇಲೆ ಅಚ್ಚಿಗೆ. ನನ್ನದೂ ಎಂ.ಎಸ್ಸಿ.ಯೇ. ಅವರದೇ ಕ್ಲಾಸು, ಅವರಿಗಿಂತ ಒಂದು ಬೆಂಚು ಮುಂದೆ. ಈ ಸಲ ಬೇಡವಂತೆ. ಹೋದ ತಿಂಗಳು ಅವರ ಸಹೋದ್ಯೋಗಿಗಳು ಊಟಕ್ಕೆ ಬಂದಿದ್ದರು. ಇವರು ಹೇಳಿದ ಲೆಕ್ಕವೊಂದನ್ನು ಬಡಿಸುತ್ತಾ ಬಡಿಸುತ್ತಾ ತಿದ್ದಿಬಿಟ್ಟೆ. ನಾಲ್ಕು ಜನರ ಮುಂದೆ. ಎಲ್ಲರೂ ನಕ್ಕರು. ಇವರೂ ನಕ್ಕರು... ಆಗಲೇ ಗೊತ್ತಾಯಿತು, ಇದಕ್ಕೆ ಬೆಲೆ ತೆರಬೇಕು ಎಂದು.

ಮಾರ್ಚ್ 20

ಚೂಟಿ ಬಂದು ಹೋದಳು. ತಂಗಿಯ ಮಗಳು. ಈ ಪರೀಕ್ಷೆ ಬರೆಯುವ ಮನಸ್ಸು ಈಗ ಮಾಡಿದ್ದಾಳೆ. ಪಾಠ ನನ್ನದು. ಇವತ್ತು ಮಾಡ್ಯುಲಸ್ ಇರುವ ಅಸಮತೆಗಳು. ಲೆಕ್ಕ ಕಂಡ ಕೂಡಲೇ ಎರಡೂ ಕಡೆ ವರ್ಗ ಮಾಡಲು ಹೊರಟಳು. ಕೈ ಹಿಡಿದೆ. ಎರಡು ನೆಟ್ಟ ಗೀಟುಗಳ ನಡುವೆ ಇರುವುದು ದೂರ. ದೂರ ಎಂದೂ ಸೊನ್ನೆಗಿಂತ ಕಡಿಮೆಯಾಗದು. ಆದ್ದರಿಂದ ಮೊದಲು ಬಲಗಡೆ ನೋಡು, ಅದು ಮೈನಸ್ ಆಗುವ ಜಾಗದಲ್ಲಿ ಉತ್ತರ ಹುಡುಕಬೇಡ ಎಂದೆ.

"ವರ್ಗ ಮಾಡಿದ್ರೆ ಅಲ್ಲೂ ಸಿಗುತ್ತಲ್ಲ, ದೊಡ್ಡಮ್ಮ?"

"ಸಿಗುತ್ತೆ. ಕಳ್ಳ ಉತ್ತರ ಅದು. ಮೈನಸ್ಸು ಮುಖ ತೊಳ್ಕೊಂಡು ಬಂದಿರುತ್ತೆ."

ಬಿದ್ದು ಬಿದ್ದು ನಕ್ಕಳು. ಇನ್ನು ಮರೆಯಲಾರಳು.

ಮೇ 4

ಪರೀಕ್ಷೆ ಮುಗಿಸಿ ನೇರ ಇಲ್ಲಿಗೇ ಬಂದಳು, ಚಪ್ಪಲಿ ಬಿಡುವ ಮೊದಲೇ ಮಾತು. ಮುಖ ತೊಳೆದುಕೊಂಡ ಮೈನಸ್ಸು ಬಂದಿತ್ತಂತೆ, ಹಿಡಿದುಹಾಕಿದಳಂತೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

ಮೇ 16

ಕೀ ಉತ್ತರಗಳು ಹೊರಬಿದ್ದವು. ಆ ಪ್ರಶ್ನೆ: |x − 3| < 2x. ಕೀ ಪ್ರಕಾರ, x ಒಂದಕ್ಕಿಂತ ದೊಡ್ಡದು, ಅಥವಾ ಮೈನಸ್ ಮೂರಕ್ಕಿಂತ ಚಿಕ್ಕದು. ಎರಡನೆಯದು ಕಳ್ಳ ಉತ್ತರ. ಚೂಟಿ ಮೊದಲನೆಯದನ್ನಷ್ಟೇ ಗುರುತು ಮಾಡಿದ್ದಾಳೆ. ಸರಿ ಬರೆದದ್ದಕ್ಕೆ ಅಂಕ ಹೋಯಿತು, ಮೇಲೆ ದಂಡವಾಗಿ ಇನ್ನಷ್ಟು ಕಡಿತ. ಸೀಟು ಅಷ್ಟರಲ್ಲೇ ತಪ್ಪುತ್ತದೆ.

ಊಟಕ್ಕೆ ಕೂತಿದ್ದ ಇವರ ಮುಂದೆ ಹಾಳೆ ಇಟ್ಟೆ. x ಜಾಗದಲ್ಲಿ ಮೈನಸ್ ನಾಲ್ಕು ಹಾಕಿ ನೋಡಿ ಎಂದೆ. ಎಡಗಡೆ ಏಳು, ಬಲಗಡೆ ಮೈನಸ್ ಎಂಟು. ಏಳು ಚಿಕ್ಕದೇ? ವರ್ಗ ಮಾಡಿದರೆ ಮಾತ್ರ ನಲವತ್ತೊಂಬತ್ತು, ಅರವತ್ತನಾಲ್ಕು — ಎಲ್ಲ ಸುಸೂತ್ರ. ಬಹಳ ಹೊತ್ತು ನೋಡಿದರು. ಗೊತ್ತಾಯಿತು ಅವರಿಗೆ. ಕಿವಿ ಕೆಂಪಾಯಿತು.

"ನಿನ್ನ ತಂಗಿ ಮಗಳು ಪಾಠ ಹೇಳಿಸ್ಕೊಂಡಿದ್ದು ಈ ಮನೇಲಿ. ಆಕ್ಷೇಪಣೆನೂ ಈ ಮನೆಯಿಂದ್ಲೇ ಹೋದ್ರೆ ಪತ್ರಿಕೆ ಸೋರಿತ್ತು ಅಂತಾರೆ."

"ಸೋರಿದ್ದಿದ್ರೆ ಅವಳು ನಿಮ್ಮ ತಪ್ಪನ್ನೇ ಬರೀತಿದ್ದಳು."

ತಟ್ಟೆ ಸರಿಸಿ ಎದ್ದರು.

ಮೇ 17

ತಂಗಿಯ ಫೋನು. ಭಾವ, ಅಂದರೆ ಇವರು, ಅವಳ ಹತ್ತಿರ ಮಾತಾಡಿದರಂತೆ. ಅವರು ಡೀನ್ ಆಗುವ ಹೊತ್ತು, ಅಡ್ಡ ಬರುವುದು ಬೇಡವಂತೆ. ನಾಳೊಂದು ದಿನ ಮಗಳ ಮದುವೆಗೂ ಭಾವನೇ ಮುಂದೆ ನಿಲ್ಲಬೇಕಂತೆ. ಆಮೇಲೆ ಚೂಟಿ ಫೋನ್ ತೆಗೆದುಕೊಂಡಳು.

"ಬಿಡಿ ದೊಡ್ಡಮ್ಮ. ನನ್ನಿಂದ ನಿಮ್ಮ ಮನೇಲಿ ಜಗಳ ಬೇಡ."

ಸರಿ ಬರೆದವಳು ಕ್ಷಮೆ ಕೇಳುವ ದನಿಯಲ್ಲಿ. ತಪ್ಪು ಬರೆದವರು ಪಕ್ಕದ ರೂಮಿನಲ್ಲಿ ಶರ್ಟಿಗೆ ಇಸ್ತ್ರಿ ಹಾಕಿಕೊಳ್ಳುತ್ತಿದ್ದರು. ಎಂದೂ ಹಾಕಿಕೊಂಡವರಲ್ಲ.

ಮೇ 18

ಆಕ್ಷೇಪಣೆ ನಾನೇ ಕಳಿಸಿದೆ. ನನ್ನ ಹೆಸರಲ್ಲಿ. ಹೆಸರಿನ ಪಕ್ಕ ಎಂ.ಎಸ್ಸಿ. ಎಂದು ಬರೆದೆ, ಎಷ್ಟೋ ವರ್ಷಗಳ ಮೇಲೆ. ಬೇರೆಯವರ ಚಪ್ಪಲಿ ಮೆಟ್ಟಿದ ಹಾಗಿತ್ತು. ಅವರು ಕಾಲೇಜಿನಿಂದ ಬಂದ ಮೇಲೆ ಹೇಳಿದೆ. ಚಹಾದಲ್ಲಿ ಸಕ್ಕರೆ ಕಡಿಮೆ ಎಂದರು, ಅಷ್ಟೇ.

ಜೂನ್ 2

ಸಮಿತಿಯ ತೀರ್ಮಾನ ಬಂತು. ಪ್ರಶ್ನೆ ರದ್ದು. 'ಮುದ್ರಣ ದೋಷ'ವಂತೆ. ಅಚ್ಚಿನವರಿಗೆ ಬಾಯಿಲ್ಲ, ಪಾಪ. ಸರಿ ಬರೆದವರಿಗೂ, ತಪ್ಪು ಬರೆದವರಿಗೂ, ಏನೂ ಬರೆಯದವರಿಗೂ ಪೂರ್ತಿ ಅಂಕ. ಎಲ್ಲರನ್ನೂ ಒಂದೇ ಮೆಟ್ಟಿಲು ಹತ್ತಿಸಿದರೆ ಮೇಲೆ ಬಂದವರು ಯಾರು? ತಪ್ಪಿದವರು ಹಿಂದೆ ಉಳಿದಿದ್ದರೆ ಚೂಟಿಗೆ ಸೀಟಿತ್ತು. ಈಗ ಇಲ್ಲ.

"ಎಲ್ಲರಿಗೂ ಒಳ್ಳೇದಾಯ್ತಲ್ಲ," ಎಂದರು ಅವರು. ನಿಜವಾಗಿ ಹಾಗೆಂದೇ ನಂಬಿದ್ದರು.

ಮಧ್ಯಾಹ್ನ ಕವಿತೆ ಓದಲು ಕೂತೆ. ಸಾಲುಗಳ ನಡುವಿನ ಬಿಳಿ ಜಾಗವನ್ನೇ ನೋಡುತ್ತಿದ್ದೆ. ಅಲ್ಲಿ ಏನೂ ಇಲ್ಲದಿರುವುದಕ್ಕೂ ಒಂದು ಅರ್ಥವಿದೆ. ಗಣಿತದಲ್ಲೂ ಅಷ್ಟೆ, ಉತ್ತರವಿಲ್ಲ ಎನ್ನುವುದೂ ಉತ್ತರ. ಮನೆಯಲ್ಲಿ ಮಾತ್ರ ಹಾಗಲ್ಲ.

ಜನವರಿ 22

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನಿತ್ತು. ಅವರು ಡೀನ್ ಆದರು. ಚೂಟಿ ಮತ್ತೆ ಪರೀಕ್ಷೆಗೆ ಓದುತ್ತಿದ್ದಾಳೆ, ವಾರಕ್ಕೊಮ್ಮೆ ಬರುತ್ತಾಳೆ. ಮೊದಲಿನಂತೆ ನಗುವುದಿಲ್ಲ. ಲೆಕ್ಕ ಬಿಡಿಸಿ, "ಇದು ಸರೀನಾ, ಇಲ್ಲಾ ಅವರಿಗೆ ಬೇಕಾದ ಸರೀನಾ?" ಎಂದು ಕೇಳುತ್ತಾಳೆ.

ಇವತ್ತು ಬೆಳಿಗ್ಗೆ ಮೇಜಿನ ಮೇಲೆ ಲಕೋಟೆ. ಈ ವರ್ಷದ ಪತ್ರಿಕೆ. ಪಕ್ಕದಲ್ಲಿ ಪೆನ್ಸಿಲ್, ಅವರೇ ಚೂಪು ಮಾಡಿದ್ದು.

"ಒಂದ್ಸಲ ಕಣ್ಣಾಡಿಸಿಬಿಡು."

ಚೂಟಿ ಬರೆಯುವ ಪರೀಕ್ಷೆ, ನಾನು ನೋಡುವ ಹಾಗಿಲ್ಲ ಎಂದೆ.

"ಮತ್ತೆ ಯಾರು ನೋಡ್ಬೇಕು?"

ಎಷ್ಟು ಸಲೀಸಾಗಿ ಕೇಳಿದರು. ಲಕೋಟೆ ಅಲ್ಲೇ ಬಿಟ್ಟು ಸ್ನಾನಕ್ಕೆ ಹೋದರು. ಹಾಳೆ ಅರ್ಧ ಹೊರಗೆ ಇಣುಕುತ್ತಿತ್ತು. ಒಳಗೆ ತಳ್ಳಿ ಅಂಟಿಸಿಬಿಡೋಣವೆಂದು ಹತ್ತಿರ ಹೋದೆ. ಬೇಡವೆಂದರೂ ಕಣ್ಣಿಗೆ ಬಿತ್ತು. ಎಡಗಡೆ ಎರಡು ನೆಟ್ಟ ಗೀಟು. ಬಲಗಡೆ ಬರೀ x. ಕೆಳಗೆ ಅವರ ದುಂಡನೆ ಕೈಬರಹದಲ್ಲಿ ಉತ್ತರ, ಮೊದಲ ಸಾಲೇ — ಎರಡೂ ಕಡೆ ವರ್ಗ... ಉಳಿದದ್ದು ಲಕೋಟೆಯ ಒಳಗೆ.