ಮೊಗ್ಗು ಒಡೆಯುವ ಮೊದಲು

ಫೆಬ್ರವರಿ 6, ಬೆಳಿಗ್ಗೆ

ಮತ್ತೆ ಅದೇ ಕೆಟ್ಟ ಕನಸು. ಹಿತ್ತಲ ಮರಸೇಬಿನ ಮರ ಮೈತುಂಬ ಹೂ ಬಿಟ್ಟಿದೆ. ನಾನು ಕೆಳಗೆ ನಿಂತು ಒಂದೊಂದೇ ಹೂವನ್ನು ಬೆರಳಿನಿಂದ ಒತ್ತಿ ಮುಚ್ಚುತ್ತಿದ್ದೇನೆ. ಒಂದು ಮುಚ್ಚಿದರೆ ಹತ್ತು ಬಿಚ್ಚಿಕೊಳ್ಳುತ್ತವೆ. ಹಿಂದಿನಿಂದ ಅತ್ತೆ "ಬೇಗ, ಬೇಗ" ಅನ್ನುತ್ತಿದ್ದಾರೆ. ಎಚ್ಚರಾದಾಗ ಕಂಬಳಿಯ ಅಂಚನ್ನು ಹಿಂಡಿ ಹಿಡಿದಿದ್ದೆ.

ಎದ್ದವಳೇ ಹಿತ್ತಲಿಗೆ ಓಡಿದೆ. ಮೊಗ್ಗು ಇನ್ನೂ ಕಂದು. ಗಟ್ಟಿ. ಸದ್ಯ. ಆದರೆ ಕೋಳಿಗೂಡಿನ ಹಿಂದೆ ಹುಲ್ಲು ಹಸಿರಾಗಿದೆ. ಮಾಡಿನ ಮೇಲಿನ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ಇಷ್ಟು ಬೇಗ! ಇವರಿಗೆ ಹೇಳಿದೆ. "ಒಳ್ಳೇದೇ ಆಯ್ತಲ್ಲ, ಚಳಿ ಹೋಯ್ತು" ಅಂದು ಹಲ್ಲುಜ್ಜಲು ಹೋದರು.

ಒಳ್ಳೆಯದಂತೆ.

ಫೆಬ್ರವರಿ 7

ಬರೆದಿಟ್ಟರೆ ತಲೆ ಹಗುರವಾದೀತು ಅಂತ ಬರೆಯುತ್ತಿದ್ದೇನೆ. ಕಾಗುಣಿತ ತಪ್ಪಿದರೆ ತಪ್ಪಲಿ, ಶಾಲೆ ಬಿಟ್ಟಾಗ ಲಂಗ ತೊಡುವ ವಯಸ್ಸು.

ಆ ಮರ ಅತ್ತೆಯದು. ಮದುವೆಯಾದ ವರ್ಷ ತವರಿನ ಮರದ ಕಡ್ಡಿ ತಂದು ಇಲ್ಲಿಯ ಕಾಡುಗಿಡಕ್ಕೆ ಕಸಿ ಕಟ್ಟಿಸಿದ್ದು. ಆ ತವರೂ ಇಲ್ಲ, ಆ ಮರವೂ ಇಲ್ಲ. ಅಲ್ಲಿ ಈಗ ಗೋಡೌನು. ಆ ಹಣ್ಣು ಇರುವುದು ನಮ್ಮ ಹಿತ್ತಲಲ್ಲಿ ಮಾತ್ರ. ಡಿಸೆಂಬರಿನ ಗಾಳಿಗೆ ಮರ ಮಧ್ಯಕ್ಕೆ ಸೀಳಿತು. ಒಳಗೆಲ್ಲ ಟೊಳ್ಳು. ಇವರು ಕಬ್ಬಿಣದ ಪಟ್ಟಿ ಬಿಗಿದಿದ್ದಾರೆ. ಅದೆಷ್ಟು ದಿನ?

ಹೊಳೆಯಾಚೆ ಕಸಿ ಕಟ್ಟುವವರು ಒಬ್ಬರಿದ್ದಾರೆ. ಎಲ್ಲರೂ ಕಸಿಯಣ್ಣ ಅನ್ನುತ್ತಾರೆ. ಇದರ ಕಡ್ಡಿ ಕೊಯ್ದು ಹೊಸ ಗಿಡಗಳಿಗೆ ಕಟ್ಟಿಕೊಡುತ್ತೇನೆ ಅಂದಿದ್ದಾರೆ. ಆದರೆ ಮೊಗ್ಗು ನಿದ್ದೆಯಲ್ಲಿರುವಾಗಲೇ ಕೊಯ್ಯಬೇಕಂತೆ. ಎಚ್ಚರಾದ ಮೇಲೆ ಕೊಯ್ದರೆ ಹಿಡಿಯುವುದಿಲ್ಲವಂತೆ. ತಿಂಗಳ ಕೊನೆಗೆ ಬರುತ್ತಾರಂತೆ. ಹುಲ್ಲಿಗೆ ಗೊತ್ತೇ ತಿಂಗಳ ಕೊನೆ ಯಾವಾಗ ಅಂತ?

ಫೆಬ್ರವರಿ 11

ಅತ್ತೆ ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕಣ್ಣು ಮಂಜಾಗಿದೆ, ಕಿವಿ ಮಾತ್ರ ಭಾರೀ ಚುರುಕು.

"ಹಕ್ಕಿ ಗೂಡಿಗೆ ಕಡ್ಡಿ ಹೊರ್ತಿದೆ ಕಣೆ. ಕೇಳಿಸ್ತಾ?"

"ಇನ್ನೂ ಚಳಿಗಾಲ ಅತ್ತೆ."

"ಹೋಗಿ ಅದಕ್ಕೆ ಹೇಳು. ನಿನ್ನ ಈ ಗೋಳಿನ ದನಿ ಕೇಳಿದ್ರೆ ಹಕ್ಕಿ ಅಲ್ಲ, ವಸಂತಾನೇ ಬಂದ ದಾರಿ ಹಿಡಿಯುತ್ತೆ."

ಒಬ್ಬರೇ ನಕ್ಕರು. ಆಮೇಲೆ ಮೆಲ್ಲಗೆ, "ಮೊಗ್ಗು ಹೇಗಿದೆ?"

"ಗಟ್ಟಿಯಾಗೇ ಇದೆ."

ಸುಳ್ಳು. ಬೆಳಿಗ್ಗೆ ನೋಡಿದಾಗ ತುದಿಯ ಮೊಗ್ಗುಗಳು ಸ್ವಲ್ಪ ಉಬ್ಬಿದ್ದವು. ಅಥವಾ ನನ್ನ ಭ್ರಮೆಯೋ... ಮಧ್ಯಾಹ್ನ ಒಂದು ಜೇನುಹುಳ ಬಂದು ಕಿಟಕಿ ಗಾಜಿಗೆ ಬಡಿಯಿತು. ಓಡಿಸಿದೆ. ಓಡಿಸಿದರೆ ಏನು ನಿಲ್ಲುತ್ತದೆ?

ಫೆಬ್ರವರಿ 14, ಸಂಜೆ

ಬೆಟ್ಟದ ಹಿಮ ಕರಗಿ ಹೊಳೆ ಏರಿದೆ. ತಗ್ಗಿನ ಸೇತುವೆ ಮುಳುಗಿದೆ. ಬಸ್ಸಿಲ್ಲ. ಯಾವಾಗ ತೆರೆಯುತ್ತದೋ ಯಾರಿಗೂ ಗೊತ್ತಿಲ್ಲ. ಕಸಿಯಣ್ಣನಿಗೆ ಫೋನ್ ಮಾಡಿದೆ.

"ನೀವೇ ಕೊಯ್ದಿಡಿ ಅಮ್ಮಾ. ಕಟ್ಟೋದು ನಾನು ಬಂದು ನೋಡ್ಕೋತೀನಿ."

"ಅಯ್ಯೋ, ನನಗೆ ಬರಲ್ಲ ಅಣ್ಣಾ."

"ಕೊಯ್ಯೋಕೇನಿದೆ? ಕಳೆದ ವರ್ಷ ಬೆಳೆದದ್ದು. ಪೆನ್ಸಿಲ್ ದಪ್ಪ. ನೆಟ್ಟಗಿರ್ಬೇಕು. ಒದ್ದೆ ಬಟ್ಟೆ ಸುತ್ತಿ ಫ್ರಿಜ್ಜಲ್ಲಿಡಿ, ಅಷ್ಟೇ."

ಬಟ್ಟೆ ಎಷ್ಟು ಒದ್ದೆ? ಫ್ರಿಜ್ಜಿನಲ್ಲಿ ಮೇಲೋ ಕೆಳಗೋ? ತರಕಾರಿ ಪಕ್ಕ ಇಡಬಹುದೇ? ಕರೆಂಟು ಹೋದರೆ? ಕೇಳಿದ್ದೇ ಕೇಳಿದ್ದು.

"ಅಮ್ಮಾ, ಅದು ಕಡ್ಡಿ. ಹಸುಗೂಸಲ್ಲ."

ಫೆಬ್ರವರಿ 15

ಕೊಯ್ದೆ!

ಮೇಲಿನ ಕೊಂಬೆಗಳೆಲ್ಲ ಸೊಟ್ಟ, ಗಂಟುಗಂಟು. ಸೀಳಿದ ಮರಕ್ಕೆ ಏಣಿ ಇಡಬೇಡ ಅಂತ ಇವರು ಗದರಿದರು. ಬುಡದಿಂದ ಎದ್ದ ಕಡ್ಡಿಗಳು ಮಾತ್ರ ಗೀಟು ಎಳೆದ ಹಾಗೆ ನೆಟ್ಟಗಿದ್ದವು. ಪೆನ್ಸಿಲನ್ನೇ ಪಕ್ಕದಲ್ಲಿ ಹಿಡಿದು ಅಳೆದೆ. ಸರಿಯಾಗಿ ಅಷ್ಟೇ ದಪ್ಪ. ಕೈ ಗೀರಿಕೊಂಡರೂ ಬಿಡಲಿಲ್ಲ. ಕಟ್ಟು ಕಟ್ಟಿ, ಹಳೇ ಟವೆಲ್ ಸುತ್ತಿ ಇಟ್ಟೆ.

ಅತ್ತೆಗೆ ಮುಟ್ಟಿ ನೋಡಿ ಅಂದೆ. ಎರಡೂ ಕೈ ಹಿಂದಕ್ಕೆ ಎಳೆದುಕೊಂಡರು. "ಬೇಡ ಬೇಡ. ನನ್ನ ಕೈ ಬಿಸಿಗೆ ಎದ್ದುಬಿಟ್ಟಾವು." ಆಮೇಲೆ, "ಪರವಾಗಿಲ್ಲ ಕಣೆ ನೀನು" ಅಂದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ.

ಮಾರ್ಚ್ 3

ಇಷ್ಟು ದಿನ ಬರೆಯಲಿಲ್ಲ. ಹೆದರಲು ಏನೂ ಇರಲಿಲ್ಲ.

ಮರ ಹೂ ಬಿಟ್ಟಿದೆ. ಸೀಳಿದ ಎರಡೂ ಹೋಳು ಬೆಳ್ಳಗೆ. ಕಬ್ಬಿಣದ ಪಟ್ಟಿಯ ಮೇಲೂ ಎಸಳು. ಈ ಸಲ ಬಿಡಲಿ ಎಷ್ಟು ಬೇಕಾದರೂ ಅನ್ನಿಸಿತು. ಹೊಸ ಗಿಡ ಎಲ್ಲೆಲ್ಲಿ ನೆಡಬೇಕು ಅಂತ ಅತ್ತೆ ದಿನಾ ಒಂದೊಂದು ಜಾಗ ಹೇಳುತ್ತಾರೆ. ಇವತ್ತು ಬಚ್ಚಲ ನೀರು ಹರಿಯುವ ಕಡೆ. "ನಾನು ತಿನ್ನೋಕಲ್ಲ. ಅಲ್ಲಿ ನಮ್ಮನೆದು ಒಂದು ಇದೆ ಅಂತ ಇರ್ಬೇಕಲ್ಲ, ಅದಕ್ಕೆ." ನಮ್ಮನೆ ಅಂದರೆ ಈ ಮನೆ ಅಲ್ಲ. ಅವರ ತವರು.

ಮಾರ್ಚ್ 5, ಮಧ್ಯಾಹ್ನ

ಸೇತುವೆ ತೆರೆಯಿತು. ಕಸಿಯಣ್ಣ ಬಂದರು. ಟವೆಲ್ ಬಿಚ್ಚಿ ಒಂದು ಕಡ್ಡಿ ತಿರುಗಿಸಿ ನೋಡಿದರು. ಇನ್ನೊಂದು. ಮತ್ತೊಂದು.

"ಎಲ್ಲಿಂದ ಕೊಯ್ದ್ರಿ?"

"ಅದೇ ಮರದಿಂದ. ನೀವು ಹೇಳಿದ ಹಾಗೇ ನೆಟ್ಟಗಿರೋದು."

"ಮರದಲ್ಲಿ ಎಲ್ಲಿಂದ?"

ಬುಡ ತೋರಿಸಿದೆ. ಅವರು ಕಡ್ಡಿಯ ಮುಳ್ಳನ್ನು ಉಗುರಿನಿಂದ ತೋರಿಸಿದರು. ಆಮೇಲೆ ಬಗ್ಗಿ, ಮೊಣಕಾಲೆತ್ತರದಲ್ಲಿ ಉಬ್ಬಿದ ಗಂಟಿನ ಮೇಲೆ ಕೈ ಇಟ್ಟರು. "ಕಸಿ ಕಟ್ಟಿದ್ದು ಇಲ್ಲಿ. ಇದರ ಕೆಳಗೆ ಎದ್ದದ್ದೆಲ್ಲ ಕಾಡುಗಿಡ, ಅದಕ್ಕೇ ಈ ಮುಳ್ಳು. ನಿಮ್ಮತ್ತೆ ಹಣ್ಣು ಇದರ ಮೇಲಿದೆ." ಇಬ್ಬರೂ ಮೇಲೆ ನೋಡಿದೆವು. ಎಲ್ಲಾ ಹೂವು.

"ನಾನೇ ಹೇಳ್ಬೇಕಿತ್ತು. ಗೊತ್ತಿರುತ್ತೆ ಅಂದ್ಕೊಂಡೆ. ಬೇಸಿಗೆ ಕೊನೆಗೆ ಇನ್ನೊಂದು ಥರ ಕಟ್ಬಹುದು, ಮರ ಅಲ್ಲೀತನಕ—" ಸೀಳಿನೊಳಗೆ ಕೈ ತೂರಿಸಿದರು. ಮೊಣಕೈವರೆಗೂ ಹೋಯಿತು.

ಅಷ್ಟೆಲ್ಲ ಕೇಳಿದೆನಲ್ಲ. ಫ್ರಿಜ್ಜು, ಟವೆಲ್ಲು, ಕರೆಂಟು. ಇದೊಂದನ್ನು ಬಿಟ್ಟು.

ಮಾರ್ಚ್ 6, ಬೆಳಿಗ್ಗೆ

ಅತ್ತೆಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ಮೊಣಕಾಲೆತ್ತರ ಅಂದ್ನಾ? ಅದು ಕಸಿ ಗಂಟಲ್ಲ ಕಣೆ. ಹಸು ಕಟ್ಟಿದ ಹಗ್ಗದ ಗಾಯ. ನಾನು ಕಟ್ಟಿಸಿದ್ದು ನೆಲದ ಮಟ್ಟಕ್ಕೇ, ನೀನು ಕೊಯ್ದದ್ದು ಅದರ ಮೇಲಿಂದ್ಲೇ. ಕೆದಕಿ ನೋಡು."

ಹೋದೆ. ಗುದ್ದಲಿಯಿಂದ ಮಣ್ಣು ಬಿಡಿಸಿದೆ. ಗಂಟಿಲ್ಲ, ಬರೀ ಬೇರು. ಬಂದು ಹೇಳಿದೆ.

"ಬೆರಳು ಆಡಿಸಿ ನೋಡ್ದಾ? ಬೇರಿನ ಹಾಗೇ ಇರುತ್ತೆ ಅದು."

ಮತ್ತೆ ಹೋದೆ. ಬೆರಳು ಆಡಿಸಿದೆ. ತಲೆ ಮೇಲೆ ಜೇನುಹುಳಗಳ ಸದ್ದು. ಅದೂ ಬೇರು. ಇನ್ನೊಮ್ಮೆ ಬಂದು ಅದನ್ನೇ ಹೇಗೆ ಹೇಳಲಿ? ಅಡುಗೆಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಉಗುರಲ್ಲೆಲ್ಲ ಮಣ್ಣು.

ಕೂಗುತ್ತಿದ್ದಾರೆ.

"ಏ ಹುಡುಗೀ, ಅಲ್ಲೇ ಇದ್ದೀಯಾ? ಕೋಳಿಗೂಡಿನ ಕಡೆ ನೋಡಿಲ್ಲ ನೀನು. ಆ ಕಡೆ ಮಣ್ಣು ಏರಿದೆ. ಇನ್ನೊಂದೇ ಸಲ ನೋಡಮ್ಮಾ, ಗಂಟು ಅಲ್ಲೇ ಕೆಳಗೆ—"